ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಎರಡು ಆರ್‌ಸಿ ಬಗ್ಗಿಗಳು

ಆರ್‌ಸಿ ಬಗ್ಗಿ, ಅಂದರೆ ರೇಡಿಯೊ ರಿಮೋಟಿನಿಂದ ಮಣ್ಣುನೆಲದಲ್ಲಿ ಓಡಿಸುವ ಪುಟ್ಟ ಗಾಡಿ, ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದರ ವೇಗವನ್ನು, ಆಮೇಲೆ ಬೆಲೆಯನ್ನು. ಬೆಂಗಳೂರಿನಲ್ಲಿ ಈ ಹವ್ಯಾಸ ಇಟ್ಟುಕೊಳ್ಳುವವರು ಈ ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಮುಂದಿನ ಸಸ್ಪೆನ್ಷನ್ ಆರ್ಮ್ (ಚಕ್ರವನ್ನು ಗಾಡಿಗೆ ಕೂಡಿಸುವ ತೋಳು) ಮುರಿದರೆ ಇನ್ನೊಂದು ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಸಿಗುತ್ತದೆ, ಅದನ್ನು ಬದಲಿಸಲು ಎಷ್ಟು ಸ್ಕ್ರೂ ಬಿಚ್ಚಬೇಕು? ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಎರಡು ವಿದ್ಯುತ್ ಬಗ್ಗಿಗಳನ್ನು ಇಲ್ಲಿ ವಿಮರ್ಶಿಸಿದ್ದೇನೆ. ಒಂದು, ಜಪಾನಿನ ತಮಿಯಾ ಕಂಪನಿಯ ಟಿಟಿ-02ಬಿ ಚಾಸಿಯ ಮೇಲೆ ಕಟ್ಟುವ, 1/10 ಅಳತೆಯ (ನಿಜವಾದ ಗಾಡಿಯ ಹತ್ತರಲ್ಲಿ ಒಂದು ಪಾಲು ಗಾತ್ರದ) ಕಿಟ್. ಇನ್ನೊಂದು, ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಓಡಿಸಬಹುದಾದ 1/8 ಅಳತೆಯ ಫೋರ್‌ವ್ಹೀಲ್ ಡ್ರೈವ್ ಬಗ್ಗಿ. ಎರಡನೆಯದರ ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅದರಲ್ಲಿ ಕಂಡ ಕೊರತೆಗಳು ನನ್ನ ಕೈಗೆ ಬಂದ ಒಂದು ಗಾಡಿಯವು. ಅವನ್ನು ಇಡೀ ಕಂಪನಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮೇಲಾಗಿ ಈ ವರ್ಗದ ಬಗ್ಗಿಗಳ ಒಳರಚನೆ ಯಾವ ಕಂಪನಿಯದಾದರೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಹೊಂದಾಣಿಕೆಯ ಬಗ್ಗೆ ಹೇಳುವ ಮಾತುಗಳು ಉಳಿದವಕ್ಕೂ ಸಲ್ಲುತ್ತವೆ.

ಅಂಗಡಿಯಲ್ಲಿ ಸಿಗುವ ರಿಮೋಟ್ ಕಾರಿಗೂ ಇವಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಮಿಯಾ 1979ರಲ್ಲಿ ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್ ಬಗ್ಗಿಗಳನ್ನು ಹೊರತಂದಾಗ ಅವು ಮುಖ್ಯವಾಗಿ ನೋಡಲು ನಿಜವಾದ ಮರಳುಗಾಡಿನ ಗಾಡಿಗಳಂತೆ ಇರಬೇಕೆಂಬ ಉದ್ದೇಶದವು. 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ತಂದ ಆರ್‌ಸಿ10 ಬಗ್ಗಿ ಅಲ್ಯೂಮಿನಿಯಂ ಚಾಸಿ, ಎಣ್ಣೆ ತುಂಬಿದ ಉದ್ದನೆಯ ಶಾಕ್‌ಗಳು (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ಗಳು) ಮತ್ತು ಹೊಂದಿಸಬಹುದಾದ ಸಸ್ಪೆನ್ಷನ್ ಇಟ್ಟುಕೊಂಡು ಸ್ಪರ್ಧೆಗೆಂದೇ ಹುಟ್ಟಿತು. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ 1/10 ವಿದ್ಯುತ್ ಆಫ್-ರೋಡ್ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಸ್ಪರ್ಧೆಯ ಬಗ್ಗಿಯನ್ನು ಮುರಿಯದಂತೆ ಕಟ್ಟುವುದಿಲ್ಲ, ಅಗ್ಗದ ಭಾಗ ಮೊದಲು ಮುರಿಯುವಂತೆ, ಮುರಿದದ್ದನ್ನು ಬೇಗ ಬಿಚ್ಚುವಂತೆ ಕಟ್ಟುತ್ತಾರೆ. ಬಾಳಿಕೆಯ ಲೆಕ್ಕವನ್ನು ಈ ದೃಷ್ಟಿಯಿಂದಲೇ ಹಾಕಬೇಕು.

ಟಿಟಿ-02ಬಿ ಪೆಟ್ಟಿಗೆಯಲ್ಲಿ ಮೋಟರ್ ಇರುತ್ತದೆ. ರೇಡಿಯೊ, ಸರ್ವೊ (ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಯಂತ್ರ), ಬ್ಯಾಟರಿ, ಚಾರ್ಜರ್‌ಗಳನ್ನು ನಾವೇ ಹೊಂದಿಸಿಕೊಳ್ಳಬೇಕು. ಭಾಗಗಳು ಚೀಲಗಳಲ್ಲಿ ವಿಂಗಡವಾಗಿ ಬರುತ್ತವೆ. ಚಿತ್ರಗಳ ಕೈಪಿಡಿ ಇಷ್ಟು ಸ್ಪಷ್ಟವಾಗಿದೆ ಎಂದರೆ ಭಾಷೆ ತಿಳಿಯದ ಹತ್ತು ವರ್ಷದ ಮಗುವೂ ದೊಡ್ಡವರ ಸಹಾಯದಿಂದ ಗೇರ್‌ಬಾಕ್ಸ್ ಜೋಡಿಸಬಲ್ಲದು. ಎರಡು ಮುನ್ನೆಚ್ಚರಿಕೆಗಳು ಮಾತ್ರ ಅಗತ್ಯ. ಇದರ ಸ್ಕ್ರೂಗಳ ತಲೆ ಜಪಾನಿನ ಮಾನಕದ್ದು. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಪ್ಲಸ್ ಸ್ಕ್ರೂಡ್ರೈವರ್ ಅದರ ಸೀಳಿನಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನೇ ಸವೆಸಿಬಿಡುತ್ತದೆ. ಜೆಐಎಸ್ ಎಂದು ಗುರುತಿರುವ ಸ್ಕ್ರೂಡ್ರೈವರನ್ನು ಕಿಟ್‌ನ ಜೊತೆಯಲ್ಲೇ ತರಿಸಿಕೊಳ್ಳಬೇಕು. ಎರಡನೆಯದಾಗಿ, ಕಿಟ್‌ನಲ್ಲಿ ತಿರುಗುವ ಶಾಫ್ಟ್‌ಗಳಿಗೆ ಆಸರೆಯಾಗಿ ಬಹುತೇಕ ಪ್ಲಾಸ್ಟಿಕ್ ಬುಷ್‌ಗಳನ್ನೇ ಕೊಡುತ್ತಾರೆ. ಟಾರ್ ರಸ್ತೆಯಲ್ಲಿ ನಿಧಾನವಾಗಿ ಓಡಿಸುವವರಿಗೆ ಅವು ಸಾಕು, ನಮ್ಮ ಮಣ್ಣಿಗೆ ಸಾಲವು. ತಮಿಯಾ 1150 ಎಂದು ಕರೆಯುವ ಅಳತೆಯ, ಅಂದರೆ 11 ಮಿ.ಮೀ. ಹೊರವ್ಯಾಸ ಮತ್ತು 5 ಮಿ.ಮೀ. ಒಳವ್ಯಾಸದ ಬಾಲ್ ಬೇರಿಂಗ್‌ಗಳನ್ನು ಕಟ್ಟುವಾಗಲೇ ಕೂರಿಸುವುದು ಲೇಸು, ಏಕೆಂದರೆ ಆಮೇಲೆ ಹಾಕಬೇಕೆಂದರೆ ಇಡೀ ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಇದೇ ಅಳತೆಯದು ಬೇರಿಂಗ್ ವ್ಯಾಪಾರಿಗಳ ಬಳಿ ಎಂಆರ್ 115 ಎಂಬ ಹೆಸರಿನಲ್ಲಿ ಇರುತ್ತದೆ. ಹವ್ಯಾಸದ ಅಂಗಡಿಯಲ್ಲಿ ಅದರ ಮೇಲೆ ಬಣ್ಣದ ಚೀಟಿ ಅಂಟಿಸಿ ಕೇಳುವ ಬೆಲೆಯನ್ನು ಕೊಡಬೇಕಾದ ಅಗತ್ಯವಿಲ್ಲ.

ಶಾಕ್ ಕಟ್ಟುವ ಹಂತದಲ್ಲಿ ಆತುರ ಬೇಡ. ಸಿಲಿಂಡರಿಗೆ ಸಿಲಿಕೋನ್ ಎಣ್ಣೆ ತುಂಬಿ, ಪಿಸ್ಟನ್ನನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ನೆಟ್ಟಗೆ ನಿಲ್ಲಿಸಿಟ್ಟು, ಅನಂತರವೇ ಮುಚ್ಚಳ ಬಿಗಿಯಬೇಕು. ಒಳಗೆ ಗಾಳಿ ಉಳಿದರೆ ಎಡಬಲದ ಶಾಕ್‌ಗಳು ಬೇರೆ ಬೇರೆಯಾಗಿ ವರ್ತಿಸಿ, ನೆಟ್ಟಗೆ ಹೋಗಬೇಕಾದ ಬಗ್ಗಿ ಪ್ರತಿ ಉಬ್ಬಿನಲ್ಲೂ ಒಂದು ಕಡೆಗೆ ಎಳೆಯುತ್ತದೆ. ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗೆ ಒಳಗಿನಿಂದ ಬಣ್ಣ ಬಳಿಯಬೇಕು. ಹೊರಗೆ ಎಷ್ಟು ಗೀರು ಬಿದ್ದರೂ ಬಣ್ಣ ಉಳಿಯುವುದು ಹಾಗಾಗಿಯೇ.

ಓಟದ ವಿಷಯಕ್ಕೆ ಬಂದರೆ, ಟಿಟಿ-02ಬಿ ಮೂಲತಃ ರಸ್ತೆಯ ಮೇಲೆ ಓಡುವ ಟಿಟಿ-02 ಕಾರಿನ ಚಾಸಿಯಿಂದ ಬೆಳೆದು ಬಂದದ್ದು. ತೊಟ್ಟಿಯಾಕಾರದ ಪ್ಲಾಸ್ಟಿಕ್ ಚಾಸಿಯ ನಡುವೆ ಒಂದೇ ಶಾಫ್ಟ್ ಹಾದುಹೋಗಿ ಮುಂದಿನ ಮತ್ತು ಹಿಂದಿನ ಡಿಫ್‌ಗಳನ್ನು (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರ್‌ಗಳನ್ನು) ತಿರುಗಿಸುತ್ತದೆ, ಮಧ್ಯದಲ್ಲಿ ಡಿಫ್ ಇಲ್ಲ. ಆದ್ದರಿಂದ ವೇಗ ಹೆಚ್ಚಿಸಿದಾಗ ಮುಂದಿನ ಜೋಡಿಯೂ ಹಿಂದಿನ ಜೋಡಿಯೂ ಒಂದೇ ಲೆಕ್ಕದಲ್ಲಿ ನೆಲವನ್ನು ಹಿಡಿಯುತ್ತವೆ, ಬಗ್ಗಿ ನೆಟ್ಟಗೆ ಹೋಗುತ್ತದೆ, ತಿರುವಿನಲ್ಲಿ ಜೋರಾಗಿ ಥ್ರಾಟಲ್ (ಆಕ್ಸಿಲರೇಟರ್) ಕೊಟ್ಟರೆ ಮೂಗು ಹೊರಕ್ಕೆ ತಳ್ಳುತ್ತದೆ. ಹೊಸಬರಿಗೆ ಈ ಸ್ವಭಾವ ಒಳ್ಳೆಯದು. ಥ್ರಾಟಲ್ ಬಿಟ್ಟರೆ ಮೂಗು ಒಳಕ್ಕೆ ಬರುತ್ತದೆ ಎಂಬ ಪಾಠವನ್ನು ಅದು ತಿರುಗಿಬೀಳದೆ ಕಲಿಸುತ್ತದೆ. ಜೊತೆಗೆ ಬರುವ 540 ವರ್ಗದ ಬ್ರಷ್ ಮೋಟರಿನ ವೇಗ ಸಾಧಾರಣ. ಅದೂ ಕಲಿಯುವವರ ಪಾಲಿಗೆ ಅನುಕೂಲವೇ. ಆದರೆ ರಸ್ತೆ ಚಾಸಿಯ ವಂಶವಾದ್ದರಿಂದ ಸಸ್ಪೆನ್ಷನ್‌ನ ಏರಿಳಿತ ಸ್ಪರ್ಧೆಯ ಬಗ್ಗಿಗಳಷ್ಟು ಉದ್ದವಿಲ್ಲ, ಹೊಂದಿಸಲು ಇರುವ ತೂತುಗಳೂ ಕಡಿಮೆ. ಹದವಾದ ಗಟ್ಟಿ ನೆಲ, ತಗ್ಗು ಉಬ್ಬುಗಳು, ಅಂಗೈ ಎತ್ತರದ ಸಣ್ಣ ದಿಬ್ಬ ಇವಿಷ್ಟಕ್ಕೆ ಅದು ಚೆನ್ನ. ಜಲ್ಲಿ ಮತ್ತು ಹೆಂಟೆ ತುಂಬಿದ ಖಾಲಿ ಸೈಟಿನಲ್ಲಿ ಓಡಿಸಲು ಅದನ್ನು ಕೊಳ್ಳುವುದು ಸರಿಯಲ್ಲ. ಗೇರ್‌ಗಳನ್ನು ಪೂರ್ತಿ ಮುಚ್ಚಿಟ್ಟಿರುವುದು ಅದರ ದೊಡ್ಡ ಗುಣ: ಒಂದು ಕಲ್ಲುಹರಳು ಒಳಹೊಕ್ಕು ಸ್ಪರ್ ಗೇರಿನ (ಮೋಟರ್ ತಿರುಗಿಸುವ ದೊಡ್ಡ ಗೇರಿನ) ಹಲ್ಲು ಕಿತ್ತುಹಾಕುವ ಸಂಭವ ತೆರೆದ ಗೇರ್‌ಗಳ ಬಗ್ಗಿಗಳಿಗಿಂತ ಇಲ್ಲಿ ತೀರ ಕಡಿಮೆ.

1/8 ಬಗ್ಗಿಯದು ಬೇರೆಯೇ ಲೋಕ. 3 ಕಿಲೋಗಿಂತ ಹೆಚ್ಚು ತೂಕ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಚಾಸಿ, 17 ಮಿ.ಮೀ. ಷಟ್ಕೋನದ ಮೇಲೆ ಕೂರುವ ಚಕ್ರಗಳು, 14.8 ವೋಲ್ಟಿನ 4ಎಸ್ (ನಾಲ್ಕು ಸೆಲ್‌ಗಳ) ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಬ್ರಷ್‌ಲೆಸ್ ಮೋಟರ್, ಮುಂದೆ ನಡುವೆ ಹಿಂದೆ ಒಟ್ಟು ಮೂರು ಡಿಫ್‌ಗಳು. ಈ ವರ್ಗವು ಮೊದಲು 3.5 ಸಿಸಿ ನೈಟ್ರೊ (ನೈಟ್ರೊಮೀಥೇನ್ ಬೆರೆತ ಇಂಧನದ) ಎಂಜಿನ್‌ಗಳ ಸುತ್ತ ಬೆಳೆದದ್ದು. ನಾನು ನೈಟ್ರೊವನ್ನು ಪರಿಗಣಿಸಲೇ ಇಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಕೈಪಿಡಿಯ ಕಾರ್ಬ್ಯುರೇಟರ್ ಅಳತೆಗಳು ನೇರವಾಗಿ ಕೂರುವುದಿಲ್ಲ, ಇಂಧನ ಹುಡುಕುವುದು ಕಷ್ಟ, ಸದ್ದಿಗೆ ಅಕ್ಕಪಕ್ಕದವರ ಆಕ್ಷೇಪ ಖಚಿತ. ವಿದ್ಯುತ್ ಬಗ್ಗಿಗೂ ಜನ ಬಂದು ನಿಂತು «ಸಾರ್, ಇದು ಪೆಟ್ರೋಲಾ, ಕರೆಂಟಾ?» ಎಂದು ಕೇಳುವುದು ತಪ್ಪುವುದಿಲ್ಲ, ಆದರೆ ಕೇಳಿದ ಮೇಲೆ ಹೊರಟುಹೋಗುತ್ತಾರೆ.

ಪೆಟ್ಟಿಗೆಯಿಂದ ತೆಗೆದ ಸ್ಥಿತಿಯಲ್ಲಿ ಈ ಬಗ್ಗಿ ನೆಟ್ಟಗೆ ಓಡುವಾಗ ಭಯ ಹುಟ್ಟಿಸುವಷ್ಟು ವೇಗವಾಗಿತ್ತು, ತಿರುವಿನಲ್ಲಿ ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ. ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು: ಮೂರೂ ಡಿಫ್‌ಗಳಲ್ಲಿ ಎಣ್ಣೆಯ ಬದಲು ಒಂದಿಷ್ಟು ಗ್ರೀಸ್ ಇತ್ತು, ಶಾಕ್‌ಗಳಲ್ಲಿ ಎಣ್ಣೆ ಅರ್ಧಂಬರ್ಧ ತುಂಬಿತ್ತು, ಲೋಹಕ್ಕೆ ಲೋಹ ಕೂಡುವ ಕೆಲವು ಸ್ಕ್ರೂಗಳಿಗೆ ಸ್ಕ್ರೂ ಅಂಟು ಹಾಕಿರಲಿಲ್ಲ. ಸಿದ್ಧ ಗಾಡಿ ಕೊಂಡವರು ಅದನ್ನು ಒಮ್ಮೆ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆಯೇ ನೆಲಕ್ಕೆ ಇಳಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ; ಹಾಗೆ ಮಾಡುವ ಹೊತ್ತಿಗೆ ಕಿಟ್‌ಗೂ ಸಿದ್ಧ ಗಾಡಿಗೂ ಇರುವ ಶ್ರಮದ ಅಂತರ ಬಹುಪಾಲು ಅಳಿಸಿಹೋಗುತ್ತದೆ.

ಡಿಫ್‌ನೊಳಗಿನ ಸಿಲಿಕೋನ್ ಎಣ್ಣೆ ದಪ್ಪವಾದಷ್ಟೂ ಅದರ ಎರಡು ತುದಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅಡ್ಡಿ ಹೆಚ್ಚು. ಎಣ್ಣೆಯ ದಪ್ಪವನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಶಾಕ್ ಎಣ್ಣೆ ನೂರುಗಳ ಲೆಕ್ಕದಲ್ಲಿರುತ್ತದೆ, ಡಿಫ್ ಎಣ್ಣೆ ಸಾವಿರಗಳ ಲೆಕ್ಕದಲ್ಲಿದ್ದು ಜೇನುತುಪ್ಪದ ದಪ್ಪಕ್ಕೆ ಬರುತ್ತದೆ. ಮುಂದೆ 5000, ನಡುವೆ 5000, ಹಿಂದೆ 3000 ಎಂಬುದು ಈ ವರ್ಗದಲ್ಲಿ ಬಹಳ ಕಾಲದಿಂದ ನಡೆದುಬಂದ ಆರಂಭದ ಅಳತೆ, ನಾನೂ ಅಲ್ಲಿಂದಲೇ ಹೊರಟೆ. ಮಧ್ಯದ ಡಿಫ್ ತೆಳುವಾಗಿದ್ದರೆ, ಥ್ರಾಟಲ್ ಒತ್ತಿದಾಗ ಭಾರ ಹಿಂದಕ್ಕೆ ವಾಲಿ, ಹಗುರಾದ ಮುಂದಿನ ಚಕ್ರಗಳಿಗೇ ಮೋಟರಿನ ಶಕ್ತಿಯೆಲ್ಲ ಹರಿದು, ಟೈರುಗಳು ಉಬ್ಬಿಕೊಂಡು ಸುಮ್ಮನೆ ಸುತ್ತುತ್ತವೆ. ಗಾಡಿ ಮುಂದೆ ಹೋಗುವುದಕ್ಕಿಂತ ಧೂಳೆಬ್ಬಿಸುವುದೇ ಹೆಚ್ಚು. ಅದನ್ನು 7000ಕ್ಕೆ ಏರಿಸಿದಾಗ ಶಕ್ತಿ ಹಿಂದಿನ ಚಕ್ರಗಳಿಗೂ ತಲುಪಿ, ತಿರುವಿನಿಂದ ಹೊರಬರುವಾಗ ಬಗ್ಗಿ ಚಿಮ್ಮತೊಡಗಿತು. ಇನ್ನೂ ಮೇಲೆ, 10000ಕ್ಕೆ ಹೋದಾಗ ನೆಲ ತುಸು ಒದ್ದೆಯಿದ್ದ ದಿನ ಓಟ ಚೆನ್ನಾಗಿತ್ತು, ಒಣ ಧೂಳಿನಲ್ಲಿ ಹಿಂಭಾಗ ಪದೇ ಪದೇ ಜಾರಿತು. ಹಿಂದಿನ ಡಿಫ್‌ಗೆ ತೆಳು ಎಣ್ಣೆಯೇ ಸರಿ, ಸಡಿಲ ನೆಲದಲ್ಲಿ ಅಲ್ಲಿ ದಪ್ಪ ಎಣ್ಣೆ ಹಾಕಿದರೆ ತಿರುವಿನ ನಡುವೆ ಬಾಲ ತಟ್ಟನೆ ಬೀಸುತ್ತದೆ. ಮುಂದಿನದು ದಪ್ಪವಾದರೆ ಥ್ರಾಟಲ್ ಬಿಟ್ಟು ತಿರುವಿಗೆ ಹೋಗುವಾಗ ಗಾಡಿ ಶಾಂತವಾಗುತ್ತದೆ, ತುಸು ಮೊಂಡಾಗಿಯೂ ತೋರುತ್ತದೆ.

ಈ ಅಳತೆಗಳಿಗೆ ನಮ್ಮ ಮಣ್ಣಿನ ಸಂಗತಿಯನ್ನು ಸೇರಿಸದಿದ್ದರೆ ಅರ್ಥವಿಲ್ಲ. ಯೂರೋಪು ಅಮೆರಿಕಗಳ ಟ್ರ್ಯಾಕ್‌ಗಳಲ್ಲಿ ನೀರು ಚಿಮುಕಿಸಿ ಒತ್ತಿದ ಜೇಡಿನೆಲವೋ ಹಾಸಿದ ಕಾರ್ಪೆಟ್ಟೋ ಇರುತ್ತದೆ. ಅಲ್ಲಿನ ವೃತ್ತಿಪರರ ಸೆಟಪ್ ಹಾಳೆಗಳನ್ನು ಹಾಗೇ ನಕಲಿಸಿದರೆ ನಮ್ಮಲ್ಲಿ ನಡೆಯದು. ಬೆಂಗಳೂರಿನ ನೆಲದಡಿ ಇರುವುದು ಗ್ನೈಸ್ ಎಂಬ ಗಟ್ಟಿ ಶಿಲೆ. ಲಾಲ್‌ಬಾಗಿನ ಬಂಡೆಯಲ್ಲಿ ಅದು ಬಯಲಾಗಿಯೇ ಕಾಣುತ್ತದೆ. ಆ ಕಲ್ಲು ಶಿಥಿಲವಾಗಿ ಕೆಮ್ಮಣ್ಣಾಗುವಾಗ ಅದರೊಳಗಿನ ಬೆಣಚು, ಅಂದರೆ ಕ್ವಾರ್ಟ್ಸ್, ಕರಗದೆ ಹರಳಾಗಿಯೇ ಉಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಇಲ್ಲಿನ ನೆಲ ಮೇಲೆ ನುಣ್ಣನೆಯ ಧೂಳು, ಅದರೊಳಗೆ ಚೂಪಾದ ಹರಳು, ಕೆಳಗೆ ಸಿಮೆಂಟಿನಷ್ಟು ಗಟ್ಟಿ ಹೆಪ್ಪು. ಮಳೆಗಾಲದಲ್ಲಿ ಅದೇ ನೆಲ ಟೈರಿನ ಮುಳ್ಳುಗಳ ನಡುವೆ ಮೆತ್ತಿಕೊಂಡು ಅವನ್ನು ನುಣುಪು ಉರುಳೆಗಳನ್ನಾಗಿ ಮಾಡುತ್ತದೆ. ನಾಡಪ್ರಭು ಕೆಂಪೇಗೌಡ ಬಡಾವಣೆಯ ಕಡೆಯ ಖಾಲಿ ಜಾಗಗಳಲ್ಲಿ, ಬೀದಿನಾಯಿಗಳು ಅಟ್ಟಿಸಿಕೊಂಡು ಬರದ ಹೊತ್ತು ನೋಡಿ, ಎರಡೂ ಋತುಗಳಲ್ಲಿ ಓಡಿಸಿದ ಮೇಲೆ ಹೇಳುವುದಾದರೆ, ಇಲ್ಲಿ ಟೈರಿನ ಆಯ್ಕೆ ಉಳಿದೆಲ್ಲ ಹೊಂದಾಣಿಕೆಗಳನ್ನೂ ಮೀರಿಸುತ್ತದೆ.

ಧೂಳು ಮುಚ್ಚಿದ ಗಟ್ಟಿ ನೆಲಕ್ಕೆ ಒತ್ತೊತ್ತಾದ ಗಿಡ್ಡ ಮುಳ್ಳುಗಳ ಮೃದು ರಬ್ಬರಿನ ಟೈರು ಬೇಕು, ಕೆಸರಿಗೆ ದೂರ ದೂರದ ಎತ್ತರ ಮುಳ್ಳುಗಳು ಬೇಕು. ಗಾಡಿಯ ಜೊತೆ ಬಂದ ಟೈರುಗಳ ರಬ್ಬರು ಗಟ್ಟಿಯದು. ತಿಂಗಳುಗಟ್ಟಲೆ ಸವೆಯಲಿಲ್ಲ, ಅಷ್ಟೇ ಕಾಲ ನೆಲವನ್ನೂ ಹಿಡಿಯಲಿಲ್ಲ. ಮೃದು ಟೈರು ಹಾಕಿದ ಮೇಲೆ ಅದುವರೆಗೆ ಸಸ್ಪೆನ್ಷನ್ನಿನ ದೋಷವೆಂದು ತೋರುತ್ತಿದ್ದ ಅರ್ಧದಷ್ಟು ತೊಂದರೆಗಳು ಮಾಯವಾದವು. ಟೈರಿನೊಳಗಿನ ಸ್ಪಂಜಿನ ಬಗ್ಗೆಯೂ ಗಮನವಿರಲಿ. ಟೈರಿಗೋ ರಿಮ್ಮಿಗೋ ಗಾಳಿಯಾಡಲು ತೂತುಗಳಿರುತ್ತವೆ. ಒದ್ದೆ ನೆಲದಲ್ಲಿ ಓಡಿಸಿದಾಗ ಅಲ್ಲಿಂದ ನೀರು ಒಳಹೊಕ್ಕು ಅಗ್ಗದ ಸ್ಪಂಜು ಅದನ್ನು ಹೀರಿಕೊಂಡು ಚಕ್ರದ ತೂಕ ತಪ್ಪಿಸುತ್ತದೆ, ಕೆಲವೇ ವಾರಗಳಲ್ಲಿ ಕೊಳೆತೂ ಹೋಗುತ್ತದೆ. ನೀರು ಹೀರದ ಅಚ್ಚಿನ ಸ್ಪಂಜು ದುಬಾರಿ, ಆದರೂ ಅದೇ ಕೊನೆಗೆ ಅಗ್ಗ. ರಿಮ್ಮಿಗೆ ಟೈರನ್ನು ಅಂಟಿಸಲು ಫೆವಿಕ್ವಿಕ್ ಜಾತಿಯ ಅಂಟೇ ಸಾಕು. ಅಂಟಿಸುವ ಮೊದಲು ರಬ್ಬರಿನ ಅಂಚನ್ನು ಸ್ಪಿರಿಟ್ಟಿನಿಂದ ಒರೆಸದಿದ್ದರೆ ಮೊದಲ ಜೋರು ತಿರುವಿನಲ್ಲೇ ಕಿತ್ತುಬರುತ್ತದೆ.

ಸಸ್ಪೆನ್ಷನ್ ಹೊಂದಿಸುವಾಗ ಒಂದು ಬಾರಿಗೆ ಒಂದನ್ನೇ ಬದಲಿಸಬೇಕು ಎಂಬ ಹಳೆಯ ನಿಯಮವನ್ನು ಪಾಲಿಸಿದರೆ ಕೆಲಸ ಸುಲಭ. ಬ್ಯಾಟರಿ ಕೂರಿಸಿದ ಗಾಡಿಯನ್ನು ಒಂದು ಗೇಣು ಎತ್ತರದಿಂದ ಸಮತಟ್ಟು ನೆಲಕ್ಕೆ ಬಿಟ್ಟಾಗ ಹಿಂದಿನ ಡ್ರೈವ್ ಶಾಫ್ಟ್‌ಗಳು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ನನ್ನ ಗಾಡಿಯಲ್ಲಿ ಹಾಗೆ ನಿಂತಾಗ ಚಾಸಿಯ ತಳ ನೆಲದಿಂದ 28 ಮಿ.ಮೀ. ಮೇಲಿತ್ತು, ಹೆಂಟೆಗಳಿರುವ ಜಾಗಕ್ಕೆ ಸ್ಪ್ರಿಂಗಿನ ಕಾಲರನ್ನು ಇಳಿಸಿ ಇನ್ನೂ ತುಸು ಎತ್ತರ ಕೊಟ್ಟೆ. ಕ್ಯಾಂಬರ್, ಅಂದರೆ ಚಕ್ರದ ವಾಲು, ಮುಂದೆ ಹಿಂದೆ ಎರಡೂ ಕಡೆ ಋಣ 1ರಿಂದ 2 ಡಿಗ್ರಿ (ಚಕ್ರದ ಮೇಲ್ತುದಿ ಒಳಕ್ಕೆ) ಸಾಕು. ಹಿಂದಿನ ಚಕ್ರಗಳು 3 ಡಿಗ್ರಿಯಷ್ಟು ಒಳಮುಖವಾಗಿದ್ದರೆ ನೆಟ್ಟನೆಯ ಓಟದಲ್ಲಿ ಬಾಲ ಅಲುಗುವುದಿಲ್ಲ. ಶಾಕ್‌ನ ಮೇಲ್ತುದಿಯನ್ನು ಟವರಿನ (ಶಾಕ್ ಸಿಕ್ಕಿಸುವ ನಿಲುಹಲಗೆಯ) ಒಳಗಿನ ತೂತಿಗೆ ಸರಿಸಿ ಅದನ್ನು ಹೆಚ್ಚು ಓರೆಯಾಗಿಸಿದರೆ ಚಲನೆ ಮೃದುವಾಗುತ್ತದೆ. ಹೊರತೂತಿಗೆ ಸರಿಸಿ ನೆಟ್ಟಗೆ ನಿಲ್ಲಿಸಿದರೆ ಗಾಡಿ ಚುರುಕಾಗುತ್ತದೆ, ಉಬ್ಬುತಗ್ಗುಗಳಲ್ಲಿ ಕುಣಿಯುತ್ತದೆ. ಒರಟು ನೆಲಕ್ಕೆ ಒಳತೂತು ಮತ್ತು ತೆಳುವಾದ ಆ್ಯಂಟಿ ರೋಲ್ ಬಾರ್ (ಗಾಡಿ ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು) ಎಂಬುದು ನನ್ನ ತೀರ್ಮಾನ. ಶಾಕ್ ಎಣ್ಣೆಯನ್ನು ಮುಂದೆ 550, ಹಿಂದೆ 450 ಸೆಂಟಿಸ್ಟೋಕ್ ಇಟ್ಟಿದ್ದೇನೆ. ಕೆಲವು ಸೀಸೆಗಳ ಮೇಲೆ ಸೆಂಟಿಸ್ಟೋಕ್ ಬದಲು ವೇಟ್ ಎಂಬ ಲೆಕ್ಕವಿರುತ್ತದೆ, ಅದು ಕಂಪನಿಯಿಂದ ಕಂಪನಿಗೆ ಹೊಂದುವುದಿಲ್ಲ. ಸೆಂಟಿಸ್ಟೋಕ್ ನೋಡಿಯೇ ಕೊಳ್ಳಬೇಕು. ಡಿಸೆಂಬರಿನ ಬೆಳಗಿಗೂ ಏಪ್ರಿಲ್ಲಿನ ಮಧ್ಯಾಹ್ನಕ್ಕೂ ಒಂದೇ ಎಣ್ಣೆ ಒಂದೇ ರೀತಿ ನಡೆಯುವುದಿಲ್ಲ. ಬಿಸಿಲಿಗೆ ಅದು ತೆಳುವಾದಾಗ ದಿಬ್ಬದಿಂದ ಇಳಿಯುವ ಗಾಡಿಯ ತಳ ನೆಲಕ್ಕೆ ಬಡಿಯುವ ಸದ್ದೇ ಅದನ್ನು ಹೇಳುತ್ತದೆ.

ಹಾರುವ ವಿಷಯದಲ್ಲಿ 1/8 ಬಗ್ಗಿಗೆ ಸಾಟಿಯಿಲ್ಲ. ಗಾಳಿಯಲ್ಲಿದ್ದಾಗ ಥ್ರಾಟಲ್ ಒತ್ತಿದರೆ ಚಕ್ರಗಳ ವೇಗ ಏರಿ ಅದರ ಪ್ರತಿಕ್ರಿಯೆಯಿಂದ ಮೂಗು ಮೇಲಕ್ಕೇಳುತ್ತದೆ, ಬ್ರೇಕ್ ಒತ್ತಿದರೆ ಮೂಗು ಕೆಳಗಿಳಿಯುತ್ತದೆ. ಭಾರವಾದ ದೊಡ್ಡ ಚಕ್ರಗಳಿರುವುದರಿಂದ ಈ ಹಿಡಿತ 1/10 ಗಾಡಿಗಿಂತ ಇಲ್ಲಿ ಎಷ್ಟೋ ಸ್ಪಷ್ಟ. ಮನೆ ಕಟ್ಟುವವರು ಸುರಿದಿಟ್ಟ ಮಣ್ಣಿನ ಗುಡ್ಡೆಯೊಂದಿದ್ದರೆ ಇದನ್ನು ಕಲಿಯಲು ಬೇರೇನೂ ಬೇಡ, ಮನೆಯವರ ಅನುಮತಿ ಮಾತ್ರ ಬೇಕು.

ಬಾಳಿಕೆಯ ಲೆಕ್ಕದಲ್ಲಿ 1/8 ಬಗ್ಗಿಯ ಚಾಸಿ, ಡಿಫ್ ಗೇರ್‌ಗಳು, ಮಧ್ಯದ ಶಾಫ್ಟ್‌ಗಳು ಒಂದಿಷ್ಟೂ ತಕರಾರು ಮಾಡಲಿಲ್ಲ. ಕೈಕೊಟ್ಟವು ಚಿಲ್ಲರೆ ಭಾಗಗಳು. ಮುಂದಿನ ಕೆಳ ಆರ್ಮ್ ಕಲ್ಲಿಗೆ ಬಡಿದು ಮುರಿಯಿತು, ಅದರ ಹಿಂಜ್ ಪಿನ್ ಬಾಗಿತು, ಹಿಂದಿನ ರೆಕ್ಕೆಯ ಆಸರೆ ತಲೆಕೆಳಗಾಗಿ ಇಳಿದಾಗ ಹೋಯಿತು, ಜೊತೆಗೆ ಬಂದ ಸರ್ವೊದ ಗೇರ್ ಹಲ್ಲುಗಳು ಮೊದಲ ಮಳೆಗಾಲವನ್ನೂ ದಾಟಲಿಲ್ಲ. ಆರ್ಮ್ ಮುರಿದದ್ದಕ್ಕೆ ಬೇಸರವಿಲ್ಲ, ಅದು ಮುರಿದು ಒಳಗಿನ ಡಿಫ್ ಪೆಟ್ಟಿಗೆಯನ್ನು ಉಳಿಸಿತು. ಅದರ ಬದಲಿಗೆ ಅಲ್ಯೂಮಿನಿಯಂ ಆರ್ಮ್ ಹಾಕಿಸಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಅದೇ ಪೆಟ್ಟು ಮುಂದಿನ ಕೊಂಡಿಗೆ ದಾಟಿ ನೂರಿನ್ನೂರು ರೂಪಾಯಿಯ ಭಾಗದ ಬದಲು ಸಾವಿರದ ಭಾಗ ಹೋಗುತ್ತದೆ. ಸರ್ವೊದ ವಿಷಯ ಹಾಗಲ್ಲ. 3 ಕಿಲೋ ಗಾಡಿಯ ಮುಂದಿನ ಚಕ್ರಗಳನ್ನು ತಿರುಗಿಸಲು 20 ಕಿಲೋ-ಸೆಂಟಿಮೀಟರ್ ಆಸುಪಾಸಿನ ಬಲವೂ ಲೋಹದ ಗೇರ್‌ಗಳೂ ಇರುವ ಸರ್ವೊ ಬೇಕೇ ಬೇಕು, ಅದನ್ನು ಕೊಂಡ ದಿನವೇ ಬದಲಿಸಬಹುದು.

ಆರ್ಮ್‌ಗಳನ್ನು ಮಾಡುವ ನೈಲಾನಿಗೆ ಒಂದು ಗುಣವಿದೆ. ಅದು ಗಾಳಿಯ ತೇವವನ್ನು ಹೀರಿಕೊಂಡಷ್ಟೂ ಬಾಗುತ್ತದೆ, ಪೂರ್ತಿ ಒಣಗಿದ್ದರೆ ಸಿಡಿಯುತ್ತದೆ. ಫೆಬ್ರವರಿ ಮಾರ್ಚಿನ ನಮ್ಮ ಒಣ ಹವೆಯಲ್ಲಿ ಹೊಸ ಆರ್ಮ್‌ಗಳನ್ನು ಹಾಕುವ ಮೊದಲು ಕುದಿಯುವ ನೀರಿನಲ್ಲಿ ಅರ್ಧ ಗಂಟೆಯಷ್ಟು ಬೇಯಿಸಿ, ಆರಿಸಿ ಹಾಕುವ ಪದ್ಧತಿ ಹವ್ಯಾಸಿಗಳಲ್ಲಿದೆ. ಅಡುಗೆಗೆ ಬಳಸುವ ಪಾತ್ರೆ ಇದಕ್ಕೆ ಬೇಡ.

ನಿಜವಾದ ಶತ್ರು ಪೆಟ್ಟಲ್ಲ, ಬೆಣಚಿನ ಪುಡಿ. ಬೇರಿಂಗ್‌ಗಳು, ಡ್ರೈವ್ ಶಾಫ್ಟಿನ ಪಿನ್ನುಗಳು, ಶಾಕ್ ದಂಡದ ಓರಿಂಗ್‌ಗಳು ಇವೆಲ್ಲ ಅದಕ್ಕೆ ಬಲಿಯಾಗುತ್ತವೆ. ತೆರೆದ ಕೀಲುಗಳಿಗೆ ಎಣ್ಣೆ ಗ್ರೀಸು ಬಳಿದರೆ ಪುಡಿ ಅಲ್ಲೇ ಅಂಟಿ ಅರೆಯುವ ಲೇಪವಾಗುತ್ತದೆ; ಒಣಗಿಸಿಟ್ಟು ಬ್ರಷ್ಷಿನಿಂದ ಗುಡಿಸುವುದೇ ಸರಿ. ಓಟ ಮುಗಿದ ಕೂಡಲೇ ದಪ್ಪ ಬಣ್ಣದ ಬ್ರಷ್ಷಿನಿಂದ ಧೂಳು ತೆಗೆದು, ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ಕರಕರ ಸದ್ದು ಬರುವ ಬೇರಿಂಗನ್ನು ಗುರುತಿಟ್ಟುಕೊಂಡರೆ ಮುಂದಿನ ನಷ್ಟ ತಪ್ಪುತ್ತದೆ. ಈ ವರ್ಗದ ಗಾಡಿಗಳ ಚಕ್ರಗಳಲ್ಲೂ ಡಿಫ್‌ಗಳಲ್ಲೂ ಹೆಚ್ಚಾಗಿ ಇರುವುದು 8 ಮಿ.ಮೀ. ಒಳವ್ಯಾಸ, 16 ಮಿ.ಮೀ. ಹೊರವ್ಯಾಸ, 5 ಮಿ.ಮೀ. ದಪ್ಪದ ಬೇರಿಂಗ್, ವ್ಯಾಪಾರಿಗಳಿಗೆ ಅದು 688. ಲೋಹದ ಮುಚ್ಚಳದ್ದಕ್ಕಿಂತ ರಬ್ಬರ್ ಮುಚ್ಚಳದ್ದನ್ನು ಕೇಳಿ ತರುವುದು ನಮ್ಮ ಧೂಳಿಗೆ ಮೇಲು. ಬೇರಿಂಗಿನ ಅಂಗಡಿಯಲ್ಲಿ ಸಂಖ್ಯೆ ಹೇಳಿದರೆ ಮಾತು ಬೇಗ ಮುಗಿಯುತ್ತದೆ, ಆಟಿಕೆ ಕಾರಿಗೆ ಎಂದರೆ ಉದ್ದವಾಗುತ್ತದೆ. ಸಿಲಿಕೋನ್ ತಂತಿ, ಎಕ್ಸ್‌ಟಿ60 ಮತ್ತು ಎಕ್ಸ್‌ಟಿ90 ಕನೆಕ್ಟರ್‌ಗಳು, ಬೆಸುಗೆಯ ಸಾಮಾನು ಇವಕ್ಕೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ.

ಗಾಡಿಗೇ ವಿಶಿಷ್ಟವಾದ ಆರ್ಮ್, ಹಬ್, ಗೇರ್‌ಗಳ ಮಾತು ಬೇರೆ. ಅವು ಹೊರದೇಶದಿಂದಲೇ ಬರಬೇಕು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ 20%ನಿಂದ 60%ಗೆ, 2023ರಲ್ಲಿ 70%ಗೆ ಏರಿಸಿತು. ಆರ್‌ಸಿ ಗಾಡಿಗಳು ಸಾಮಾನ್ಯವಾಗಿ ಇದೇ ಶೀರ್ಷಿಕೆಯಡಿ ಬೀಳುತ್ತವೆ. ಲಿಪೊ ಬ್ಯಾಟರಿಗೆ ವಿಮಾನ ಸಾಗಣೆಯ ನಿರ್ಬಂಧಗಳೂ ಇವೆ. ಆದ್ದರಿಂದ ಗಾಡಿ ತರಿಸುವಾಗಲೇ ಆರ್ಮ್‌ಗಳ ಒಂದು ಜೊತೆ, ಹಿಂಜ್ ಪಿನ್‌ಗಳು, ಒಂದು ಸ್ಪರ್ ಗೇರ್, ಎರಡು ಪಿನಿಯನ್‌ಗಳು (ಮೋಟರಿನ ಶಾಫ್ಟಿಗೆ ಕೂರುವ ಪುಟ್ಟ ಗೇರ್‌ಗಳು) ಮತ್ತು ಓರಿಂಗ್‌ಗಳನ್ನು ಕೂಡಿಸಿಯೇ ತರಿಸಬೇಕು. ತಮಿಯಾದ ಪರವಾಗಿ ಹೇಳಬೇಕಾದ ದೊಡ್ಡ ಮಾತು ಇಲ್ಲಿಯೇ ಇದೆ: ಟಿಟಿ-02 ಕುಟುಂಬದ ಗಾಡಿಗಳು ಬಹಳ ವರ್ಷಗಳಿಂದ ಜಗತ್ತಿನಾದ್ಯಂತ ಮಾರಾಟವಾಗುತ್ತಿರುವುದರಿಂದ, ಭಾಗದ ಸಂಖ್ಯೆ ಗೊತ್ತಿದ್ದರೆ ಯಾವುದೋ ಒಂದು ಅಂಗಡಿಯಲ್ಲಿ ಅದು ಇದ್ದೇ ಇರುತ್ತದೆ. ನನ್ನ 1/8 ಬಗ್ಗಿಯ ಮುಂದಿನ ಹಬ್ಬಿಗೆ ಕಾದ ಕಾಲದಲ್ಲಿ ಗಾಡಿ ಕಪಾಟಿನ ಮೇಲಿತ್ತು.

ಪಿನಿಯನ್ ಎರಡು ಬೇಕೆಂದದ್ದಕ್ಕೆ ಕಾರಣ ಶಾಖ. ಸಿದ್ಧ ಗಾಡಿಗಳ ಪಿನಿಯನ್ನನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕುವ ವೇಗಕ್ಕೆ ತಕ್ಕಂತೆ ದೊಡ್ಡದಾಗಿ ಇಟ್ಟಿರುತ್ತಾರೆ. ತಿರುವು ತುಂಬಿದ ಸಣ್ಣ ಜಾಗದಲ್ಲಿ ಅದು ಮೋಟರನ್ನು ಬೇಯಿಸುತ್ತದೆ. ಹಲ್ಲು ಕಡಿಮೆಯ ಪಿನಿಯನ್ ಹಾಕಿದ ಮೇಲೆ ತುದಿವೇಗ ತುಸು ಇಳಿದು, ಮೋಟರಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ಸಿನ ಒಳಗೆ ನಿಂತು, ಬ್ಯಾಟರಿಯೂ ಹೆಚ್ಚು ಹೊತ್ತು ಬಂತು. ಪಿನಿಯನ್ ಮತ್ತು ಸ್ಪರ್ ನಡುವೆ ಒಂದು ಪದರ ಸಾಮಾನ್ಯ ಕಾಗದ ಸಿಕ್ಕಿಸಿ ಮೋಟರನ್ನು ಒತ್ತಿ ಬಿಗಿಸಿ, ಕಾಗದ ಹರಿಯದೆ ಮಡಿಕೆ ಮಾತ್ರ ಬಿದ್ದು ಹೊರಬಂದರೆ ಹಲ್ಲುಗಳ ಅಂತರ ಸರಿಯಿದೆ. ಬ್ಯಾಟರಿಯ ಪ್ರತಿ ಸೆಲ್ 3.3 ವೋಲ್ಟಿಗಿಂತ ಕೆಳಗಿಳಿಯದಂತೆ ಇಎಸ್‌ಸಿಯಲ್ಲಿ (ಮೋಟರಿನ ವೇಗ ನಿಯಂತ್ರಕದಲ್ಲಿ) ಮಿತಿ ಇಟ್ಟು, ವಾರವಿಡೀ ಓಡಿಸದಿರುವಾಗ 3.8 ವೋಲ್ಟಿನಲ್ಲಿ ಇರಿಸಬೇಕು, ತುಂಬಿದ 4.2 ವೋಲ್ಟಿನಲ್ಲೇ ಬಿಟ್ಟರೆ ಅದು ಬೇಗ ಉಬ್ಬುತ್ತದೆ. ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಬೇಕು.

ಯಾರಿಗೆ ಯಾವುದು ಎಂದರೆ, ಮಕ್ಕಳ ಜೊತೆ ಕೂತು ಕಟ್ಟಿ, ಅಪಾರ್ಟ್‌ಮೆಂಟಿನ ಹಿಂದಿನ ಗಟ್ಟಿ ನೆಲದಲ್ಲಿ ಓಡಿಸಿ, ಯಂತ್ರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಬೇಕೆನ್ನುವವರಿಗೆ ಬೇರಿಂಗ್ ಸೇರಿಸಿದ ಟಿಟಿ-02ಬಿಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಅದರಲ್ಲಿ ಹೆಚ್ಚು ಶಕ್ತಿಯ ಬ್ರಷ್‌ಲೆಸ್ ಮೋಟರ್ ತುರುಕಿ 1/8ರ ಕೆಲಸ ಮಾಡಿಸಲು ಹೋಗುವುದಕ್ಕಿಂತ ಆ ಹಣವನ್ನು ಕೂಡಿಡುವುದು ಜಾಣತನ. 1/8 ಬಗ್ಗಿಯನ್ನು, ಓಡಿಸಿದಷ್ಟೇ ಹೊತ್ತು ಬಿಚ್ಚಿ ಶುಚಿಗೊಳಿಸಲು ಸಿದ್ಧರಿರುವವರು, ಮೂರು ನಾಲ್ಕು ಸೈಟುಗಳಷ್ಟು ಜನರಿಲ್ಲದ ಬಯಲು ಕೈಗೆಟಕುವಷ್ಟು ದೂರದಲ್ಲಿರುವವರು ಮಾತ್ರ ಕೊಳ್ಳಬೇಕು. 3 ಕಿಲೋ ತೂಕದ ವಸ್ತು ಆ ವೇಗದಲ್ಲಿ ಬಂದು ಮಗುವಿನ ಕಾಲಿಗೆ ಬಡಿದರೆ ಮೂಳೆ ಮುರಿಯುತ್ತದೆ. ರೇಡಿಯೊದ ಫೇಲ್‌ಸೇಫ್, ಅಂದರೆ ಸಂಪರ್ಕ ತಪ್ಪಿದಾಗ ತಾನಾಗಿ ಬ್ರೇಕ್ ಹಿಡಿಯುವ ಏರ್ಪಾಡನ್ನು, ಚಕ್ರಗಳನ್ನು ನೆಲದಿಂದ ಎತ್ತಿಟ್ಟು ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸದೆ ಅದನ್ನು ಹೊರಗೆ ಒಯ್ಯಬಾರದು. ಗಾಡಿಯ ಬೆಲೆಯ ಕಾಲುಭಾಗದಷ್ಟನ್ನು ಬಿಡಿಭಾಗ ಮತ್ತು ಟೈರುಗಳಿಗೆಂದು ಮೊದಲೇ ಎತ್ತಿಡಲು ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಗಾಡಿಯನ್ನು ಆರಿಸುವುದು ಉತ್ತಮ.